ಚಿಕ್ಕಮಗಳೂರಿನ ಸೇವಾ ಕ್ಲಬ್‌ಗಳು ನಿಜಕ್ಕೂ ಏನು ಮಾಡುತ್ತವೆ, ಹೊಸಬರು ಸೇರಬಹುದೇ?

ನಮಸ್ಕಾರ. ದಾವಣಗೆರೆಯಿಂದ ವರ್ಗವಾಗಿ ಚಿಕ್ಕಮಗಳೂರಿಗೆ ಬಂದು ಎರಡು ತಿಂಗಳಾಯ್ತು, ಭಾನುವಾರ ಬಿಡುವಿರುತ್ತೆ ಅಂದಿದ್ದೀರಿ. ರೋಟರಿ, ಲಯನ್ಸ್ ಥರದ ಕ್ಲಬ್‌ಗಳ ಬೋರ್ಡು ಎಲ್ಲ ಕಡೆ ಇದೆ, ಪೇಪರಿನಲ್ಲಿ ಬರೋದು ಮಾತ್ರ ಶಾಲು-ಹಾರದ ಫೋಟೊ, ಇವರು ನಿಜವಾಗಿ ಏನು ಕೆಲಸ ಮಾಡ್ತಾರೆ, ಮುಂದೆ ಏನೇನು ಕಾರ್ಯಕ್ರಮ ಇದೆ, ನಾನೂ ಸೇರಬಹುದಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಇದೇ ಊರಿನ ಇಂಥದ್ದೊಂದು ಕ್ಲಬ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಗೊತ್ತಿರುವಷ್ಟು ಹೇಳ್ತೀನಿ.

ಆ ಫೋಟೊ ನೋಡಿ ಅಳೆಯಬೇಡಿ. ವೇದಿಕೆ ಕಾರ್ಯಕ್ರಮ ಒಂದು ಗಂಟೆಯದ್ದು. ಕೆಲಸ ಇರೋದು ಅದಕ್ಕೆ ಮುಂಚಿನ ಹದಿನೈದು ದಿನ, ಆಮೇಲಿನ ಒಂದೂವರೆ ತಿಂಗಳು. ನೇತ್ರ ಶಿಬಿರದ ವಿಷಯ ಹೇಳಿದರೆ ನಿಮಗೆ ಅರ್ಥವಾಗುತ್ತೆ.

ನಮ್ಮ ಶಿಬಿರ ಸಾಮಾನ್ಯವಾಗಿ ಆಲ್ದೂರು, ಮೂಡಿಗೆರೆ ಕಡೆಯ ಯಾವುದಾದರೂ ಸರ್ಕಾರಿ ಶಾಲೆಯಲ್ಲಿ. ಬರುವವರಲ್ಲಿ ಮುಕ್ಕಾಲು ಪಾಲು ಕಾಫಿ ತೋಟದ ಲೈನ್ ಮನೆಯ, ಅಂದರೆ ಕೂಲಿಯವರ ಸಾಲುಮನೆಯ, ವಯಸ್ಸಾದವರು. ಮೊದಲು ದೃಷ್ಟಿ ಪರೀಕ್ಷೆ. ಓದಲು ಬಾರದವರಿಗೆ ಬೇರೆ ಚಾರ್ಟ್ ಇರುತ್ತೆ, ಅದರಲ್ಲಿ ಬಾಚಣಿಗೆ ಹಲ್ಲಿನಂಥ ಒಂದೇ ಗುರುತು ನಾಲ್ಕು ದಿಕ್ಕಿಗೆ ತಿರುಗಿರುತ್ತೆ, ಹಲ್ಲು ಯಾವ ಕಡೆಗಿದೆ ಅಂತ ಕೈ ತೋರಿಸಿದರೆ ಸಾಕು. ಆಮೇಲೆ ಬಿಪಿ, ಶುಗರ್. ಇವೆರಡು ಹತೋಟಿಯಲ್ಲಿಲ್ಲದಿದ್ದರೆ ಪೊರೆ ಎಷ್ಟೇ ಬಲಿತಿದ್ದರೂ ಡಾಕ್ಟರು ಅವತ್ತು ಆಪರೇಷನ್‌ಗೆ ಬರೆಯೋದಿಲ್ಲ. ಮೊದಲು ಮಾತ್ರೆ, ಹತೋಟಿಗೆ ಬಂದ ಮೇಲೆ ಆಪರೇಷನ್. ಹೀಗೆ ಮುಂದಕ್ಕೆ ಹೋದವರ ಹೆಸರು ಒಂದು ನೋಟ್‌ಬುಕ್‌ನಲ್ಲಿ ಇರುತ್ತೆ. ಆ ನೋಟ್‌ಬುಕ್ ಕಳೆದರೆ ಆ ಮನುಷ್ಯರೂ ಕಳೆದಂತೆಯೇ, ಯಾಕೆಂದರೆ ಅವರಾಗಿ ಇನ್ನೊಮ್ಮೆ ಪೇಟೆಗೆ ಬರುವುದಿಲ್ಲ.

ಆಯ್ಕೆಯಾದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗ್ತೀವಿ. ಜೊತೆಗೊಬ್ಬರು ಇರಬೇಕು, ಆಧಾರ್ ಜೆರಾಕ್ಸ್ ಬೇಕು. ಪೊರೆ ತೆಗೆದು ಲೆನ್ಸ್ ಹಾಕ್ತಾರೆ, ಮಾರನೆ ದಿನ ಪಟ್ಟಿ ಬಿಚ್ಚುತ್ತಾರೆ. ಇಂಥ ಉಚಿತ ಆಪರೇಷನ್‌ಗಳಿಗೆ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಿಂದ ಆಸ್ಪತ್ರೆಗಳಿಗೆ ನೆರವು ಸಿಗುತ್ತೆ. 1976ರಿಂದ ನಡೆಯುತ್ತಿರುವ ರಾಷ್ಟ್ರೀಯ ಕಾರ್ಯಕ್ರಮ ಅದು. ಹಾಗಾಗಿ 'ಕ್ಲಬ್‌ನಿಂದ ಉಚಿತ ಶಸ್ತ್ರಚಿಕಿತ್ಸೆ' ಅಂತ ಬ್ಯಾನರ್ ಬರೆಸೋದು ನನಗೆ ಸರಿಬರುವುದಿಲ್ಲ, ಸಭೆಯಲ್ಲೂ ಹೇಳಿದ್ದೇನೆ. ಕತ್ತರಿ ಹಿಡಿಯೋದು ಡಾಕ್ಟರು, ದುಡ್ಡಿನ ದೊಡ್ಡ ಪಾಲು ಬೇರೆ ಕಡೆಯದು. ಲೈನ್ ಮನೆಯ ಬಾಗಿಲಿಂದ ಆಪರೇಷನ್ ಟೇಬಲ್ಲಿನವರೆಗೆ, ಅಲ್ಲಿಂದ ವಾಪಸ್ ಬಾಗಿಲಿನವರೆಗೆ ಇರುವ ದಾರಿ ನಮ್ಮದು. ಆ ದಾರಿ ಇಲ್ಲದ್ದಕ್ಕೇ ಎಷ್ಟೋ ಜನ ಕುರುಡರಾಗಿ ಉಳಿದಿದ್ದಾರೆ.

ಆಪರೇಷನ್ ಆದ ಮೇಲೆ ತಿಂಗಳ ಮೇಲೆ ಡ್ರಾಪ್ಸ್ ಹಾಕಬೇಕು. ಕೆಲವು ದಿನ ತಲೆಗೆ ನೀರು ಹಾಕಬಾರದು, ಭಾರ ಎತ್ತಬಾರದು, ಸೌದೆ ಒಲೆಯ ಹೊಗೆಗೆ ಕಣ್ಣು ಒಡ್ಡಬಾರದು. ಲೈನ್ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಇವಿಷ್ಟೂ ಎಷ್ಟು ಕಷ್ಟ ನೋಡಿ. ಒಲೆ ಹಚ್ಚದೆ ಊಟ ಎಲ್ಲಿಂದ ಬರಬೇಕು? ನಾನು ಸೇರಿದ ಎರಡನೇ ವರ್ಷ ಒಬ್ಬರು ತಾತ, ಕಣ್ಣು ಕಾಣ್ತಿದೆಯಲ್ಲ ಅಂತ ನಾಲ್ಕೇ ದಿನಕ್ಕೆ ಡ್ರಾಪ್ಸ್ ಬಿಟ್ಟಿದ್ದರು. ಕಣ್ಣು ಕೆಂಪಾಗಿ ಕೀವಾಗುವವರೆಗೆ ನಮಗೆ ಗೊತ್ತೇ ಆಗಲಿಲ್ಲ, ಯಾಕೆಂದರೆ ನಾವು ಫೋನ್ ಮಾಡಿರಲಿಲ್ಲ. ಮತ್ತೆ ಆಸ್ಪತ್ರೆಗೆ ಸೇರಿಸಿದೆವು, ಕಣ್ಣು ಉಳಿಯಿತು, ಮೊದಲಿನ ಸ್ಪಷ್ಟತೆ ಉಳಿಯಲಿಲ್ಲ. ಅವತ್ತಿನಿಂದ ಪ್ರತಿಯೊಬ್ಬ ರೋಗಿಗೂ ಒಬ್ಬ ಸದಸ್ಯ ಅಂತ ಹಂಚಿಕೊಂಡಿದ್ದೇವೆ. ಎರಡು ದಿನಕ್ಕೊಮ್ಮೆ ಫೋನ್. ಫೋನ್ ಇಲ್ಲದವರಿದ್ದರೆ ತೋಟದ ರೈಟರ್ (ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿಗೆ ಫೋನ್ ಮಾಡಿ ಅವರಿಂದ ಕೇಳಿಸ್ತೀವಿ.

ಇನ್ನೊಂದು ತಪ್ಪನ್ನೂ ಹೇಳಿಬಿಡ್ತೀನಿ. ಒಂದು ವರ್ಷ ಜನವರಿಯಲ್ಲಿ ಶಿಬಿರ ಇಟ್ಟಿದ್ದೆವು. ಶಾಮಿಯಾನ, ಉಪ್ಪಿಟ್ಟು, ಡಾಕ್ಟರು ಎಲ್ಲ ಸಿದ್ಧ. ಮಧ್ಯಾಹ್ನದವರೆಗೆ ಬಂದವರು ಹದಿನೇಳು ಜನ. ಕಾಫಿ ಕುಯ್ಲಿನ ಕಾಲ ಅದು. ಕುಯ್ದ ಹಣ್ಣಿನ ತೂಕಕ್ಕೆ ಕೂಲಿ, ಮನೆಯಲ್ಲಿ ಕೈ ಆಡುವವರೆಲ್ಲ ತೋಟದಲ್ಲಿ, ವರ್ಷದಲ್ಲಿ ನಾಲ್ಕು ಕಾಸು ಹೆಚ್ಚಿಗೆ ಕಾಣುವ ದಿನಗಳು ಅವೇ. ಅಂಥ ಹೊತ್ತಲ್ಲಿ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎರಡು ದಿನ ಕೂರುವವರು ಯಾರು? ಜೂನ್‌ನಿಂದ ಆಗಸ್ಟ್‌ವರೆಗೆ ಇಟ್ಟರೆ ಮಳೆ, ರಸ್ತೆಗೆ ಮರ ಬಿದ್ದಿರುತ್ತೆ, ಕರೆಂಟ್ ಇರಲ್ಲ. ಹಾಗಾಗಿ ನಮಗೆ ಸಿಗೋದು ಮಳೆ ಇಳಿಯುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್, ಬಿಟ್ಟರೆ ಕುಯ್ಲು ಮುಗಿದ ಮೇಲೆ ಏಪ್ರಿಲ್ ಹೊತ್ತು. ಈ ಜಿಲ್ಲೆಯಲ್ಲಿ ಏನೇ ಸೇವೆ ಮಾಡಬೇಕಾದರೂ ಕ್ಯಾಲೆಂಡರ್ ನೋಡುವ ಮುಂಚೆ ಕಾಫಿ ಗಿಡ ನೋಡಬೇಕು.

ಪಟ್ಟಿ ಬಿಚ್ಚುವ ಬೆಳಗ್ಗೆ ಒಮ್ಮೆಯಾದರೂ ನೀವು ಇರಬೇಕು. ಹೋದ ವರ್ಷ ಒಬ್ಬರು ಅಜ್ಜಿ, ನರ್ಸ್ ಪಟ್ಟಿ ತೆಗೆದ ಮೇಲೆ ಸುಮಾರು ಹೊತ್ತು ಮಾತೇ ಆಡಲಿಲ್ಲ. ಎದುರಿಗೆ ಮೊಮ್ಮಗ ನಿಂತಿದ್ದ. ಅವನ ಅಂಗಿಯನ್ನು ಹಿಡಿದು ಹತ್ತಿರ ಎಳೆದುಕೊಂಡು, ಮೇಲಿಂದ ಕೆಳಗೆ ಗುಂಡಿ ಮೇಲೆ ಬೆರಳಿಡುತ್ತಾ ಬಂದರು. ನಾಲ್ಕನೆಯದರ ಜಾಗದಲ್ಲಿ ಬೆರಳು ನಿಂತಿತು. "ಇದು ಯಾವಾಗ ಕಿತ್ತೋಗಿದ್ದು? ಒಬ್ರೂ ನೋಡಿಲ್ವೇನ್ರೋ?" ಅಂದರು. ಮನೆಗೆ ಬಿಡಲು ಹೋದಾಗ ಬಸ್ ಇಳಿದವರೇ ಪಕ್ಕದ ಮನೆಯವರ ಹತ್ತಿರ ಸೂಜಿ ಕೇಳಿದರು. ಡ್ರಾಪ್ಸ್ ಮುಗಿಯೋವರೆಗೆ ಹೊಲಿಗೆ ಬೇಡ ಅಜ್ಜಿ ಅಂತ ನಾನೇ ಸೂಜಿ ತೆಗೆದುಕೊಂಡು ಹೊಲಿದುಕೊಟ್ಟೆ.

ಕಣ್ಣಿನ ಕೆಲಸಕ್ಕೂ ಲಯನ್ಸ್‌ಗೂ ನಂಟು ಹಳೆಯದು. ಅದು 1917ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಶುರುವಾದ ಸಂಸ್ಥೆ. 1925ರ ಸಮ್ಮೇಳನಕ್ಕೆ ಬಂದ ಹೆಲೆನ್ ಕೆಲ್ಲರ್, ಕಣ್ಣು ಕಾಣದವರ ಪರವಾಗಿ ನೀವು ನಿಲ್ಲಬೇಕು ಅಂತ ಕೇಳಿಕೊಂಡರು, ಅಲ್ಲಿಂದ ಅದೇ ಅವರ ಮುಖ್ಯ ಕೆಲಸವಾಯ್ತು. ಅದೇ ಶಿಕಾಗೊದಲ್ಲಿ 1905ರಲ್ಲಿ ಹುಟ್ಟಿದ ರೋಟರಿಗೆ ಪೋಲಿಯೊ ಹಾಗೆ. 1985ರಲ್ಲಿ ಕೈಗೆತ್ತಿಕೊಂಡಿದ್ದು. ನಮ್ಮ ದೇಶದಲ್ಲಿ ತಾನಾಗಿ ಹರಡುವ (ವೈಲ್ಡ್) ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು, 2014ರ ಮಾರ್ಚ್ 27ಕ್ಕೆ ಭಾರತ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಆದರೂ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಅದು ಇನ್ನೂ ಇರುವುದರಿಂದ ಹನಿ ಹಾಕುವುದು ನಿಂತಿಲ್ಲ. ನಮ್ಮಲ್ಲಿ ಕುಯ್ಲಿಗೆ ಅಸ್ಸಾಂ, ಬಿಹಾರದ ಕಡೆಯಿಂದೆಲ್ಲ ಕೆಲಸದವರು ಬರ್ತಾರೆ. ಅವರ ಮಕ್ಕಳು ಯಾವ ಊರಿನ ಪಟ್ಟಿಯಲ್ಲೂ ಇರುವುದಿಲ್ಲ. ಆಶಾ ಕಾರ್ಯಕರ್ತೆಯರ ಜೊತೆ ತೋಟ ತೋಟಕ್ಕೆ ಹೋಗೋದಕ್ಕೆ ಜನ ಬೇಕೇ ಬೇಕು.

ಶಾಲೆಗಳ ಕೆಲಸವೂ ಇದೆ, ನೋಟ್‌ಬುಕ್, ಡೆಸ್ಕು, ಶೌಚಾಲಯಕ್ಕೆ ನೀರಿನ ಟ್ಯಾಂಕು. ಒಂದೇ ಜಿಲ್ಲೆಯಾದರೂ ಕೊಪ್ಪ, ಶೃಂಗೇರಿ ಕಡೆಯ ಮಕ್ಕಳು ಕೊಡೆ ಕೇಳ್ತಾರೆ, ಕಡೂರು ಕಡೆಯವರು ಕುಡಿಯುವ ನೀರು ಕೇಳ್ತಾರೆ. ಕೇಳಿಕೊಂಡು ಕೊಡಬೇಕು, ಅಷ್ಟೇ.

ಇನ್ನು ಮುಂದಿನ ಕಾರ್ಯಕ್ರಮಗಳು. ಈಗ ಆಗಸ್ಟ್ ಕೊನೆ. 25ರಿಂದ ಸೆಪ್ಟೆಂಬರ್ 8ರವರೆಗೆ ರಾಷ್ಟ್ರೀಯ ನೇತ್ರದಾನ ಪಾಕ್ಷಿಕ. ಕಾಲೇಜುಗಳಿಗೆ ಹೋಗಿ ಮಾತಾಡ್ತಿದ್ದೇವೆ. ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು, 2021ರಲ್ಲಿ ಪುನೀತ್ ಹೋದಾಗ ಅವರ ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಇದನ್ನು ಹೇಳಿದರೆ ಹುಡುಗರು ಫಾರಂ ತುಂಬಲು ಸಾಲು ನಿಲ್ತಾರೆ. ನಾನು ಮಾತ್ರ ಎಲ್ಲರಿಗೂ ಒತ್ತಿ ಹೇಳೋದು, ಫಾರಂ ತುಂಬಿದ್ದನ್ನು ಮನೆಯಲ್ಲಿ ತಿಳಿಸಿ ಅಂತ. ಜೀವ ಹೋದ ಮೇಲೆ ಒಪ್ಪಬೇಕಾದವರು, ಫೋನ್ ಮಾಡಬೇಕಾದವರು ಮನೆಯವರು. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆ ಸ್ವಲ್ಪ ಎತ್ತರ ಮಾಡಿ, ಫ್ಯಾನ್ ಆರಿಸಿರಬೇಕು. ಕನ್ನಡಕ ಹಾಕುವವರು, ಪೊರೆ ಆಪರೇಷನ್ ಆದವರು, ಶುಗರ್ ಇದ್ದವರೂ ಕೊಡಬಹುದು.

ಸೆಪ್ಟೆಂಬರ್ 5ಕ್ಕೆ ಶಿಕ್ಷಕರ ಸನ್ಮಾನ. ಈ ಸಲ ಅವರನ್ನು ಪೇಟೆಗೆ ಕರೆಸದೆ, ಅವರ ಶಾಲೆಗೇ ಹೋಗಿ ಮಕ್ಕಳೆದುರು ಗೌರವಿಸೋಣ ಅಂತ ತೀರ್ಮಾನವಾಗಿದೆ, ನನಗೆ ಬಹಳ ಖುಷಿಯಾದ ತೀರ್ಮಾನ ಅದು. ಸೆಪ್ಟೆಂಬರ್ ಕೊನೆಯ ಭಾನುವಾರ ಆಲ್ದೂರು ಹತ್ತಿರ ನೇತ್ರ ಶಿಬಿರ. ಅಕ್ಟೋಬರ್ 1, ಸ್ವಯಂಪ್ರೇರಿತ ರಕ್ತದಾನ ದಿನ, ಅವತ್ತು ಕಾಲೇಜೊಂದರಲ್ಲಿ ರಕ್ತದಾನ ಶಿಬಿರ. ಅದನ್ನು ಬೇಕೆಂದೇ ಸಣ್ಣದಾಗಿ ಮಾಡ್ತೀವಿ. ಕೆಂಪು ರಕ್ತಕಣ ಇಟ್ಟರೆ ಆರು ವಾರ, ಪ್ಲೇಟ್‌ಲೆಟ್ ಐದೇ ದಿನ. ಒಂದೇ ದಿನ ರಾಶಿ ಹಾಕಿ ದಾಖಲೆ ಮಾಡಿದರೆ, ಡೆಂಗಿ ಹೆಚ್ಚಾದ ವಾರದಲ್ಲಿ ಬ್ಲಡ್ ಬ್ಯಾಂಕಿನಲ್ಲಿ ಪ್ಲೇಟ್‌ಲೆಟ್ ಇರುವುದಿಲ್ಲ. ಅದಕ್ಕೇ ಕರೆದಾಗ ಬರುವವರ ಒಂದು ಪಟ್ಟಿ ಇಟ್ಟಿದ್ದೇವೆ. ನಿಮಗೆ 18 ತುಂಬಿ, ತೂಕ 45 ಕೆ.ಜಿ.ಗೆ ಕಮ್ಮಿಯಿಲ್ಲದೆ, ಹಿಮೋಗ್ಲೋಬಿನ್ 12.5 ಇದ್ದರೆ ಆ ಪಟ್ಟಿಗೆ ಹೆಸರು ಕೊಡಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಅಕ್ಟೋಬರ್ 24 ಪೋಲಿಯೊ ದಿನ, ಒಂದು ಜಾಥಾ ಇರುತ್ತೆ. ಅದಾದ ಮೇಲೆ ಕುಯ್ಲು ಶುರು, ನಾವೂ ಪೇಟೆಯ ಕೆಲಸಕ್ಕೆ ಸೀಮಿತವಾಗ್ತೀವಿ.

ಸೇರುವ ವಿಷಯ. ಸಾಮಾನ್ಯವಾಗಿ ಇರುವ ಸದಸ್ಯರೊಬ್ಬರು ನಿಮ್ಮ ಹೆಸರು ಸೂಚಿಸಬೇಕು. ಪ್ರವೇಶ ಶುಲ್ಕ, ವರ್ಷದ ಶುಲ್ಕ ಇರುತ್ತೆ, ಕ್ಲಬ್‌ನಿಂದ ಕ್ಲಬ್‌ಗೆ ವ್ಯತ್ಯಾಸ, ಮೊದಲೇ ಕೇಳಿಕೊಳ್ಳಿ, ಕೇಳುವುದಕ್ಕೆ ಸಂಕೋಚ ಬೇಡ. ನೀವು ಮಹಿಳೆ ಅಂತ ಬರೆದಿದ್ದೀರಿ. ಲಯನ್ಸ್ 1987ರಿಂದ, ರೋಟರಿ 1989ರಿಂದ ಮಹಿಳೆಯರಿಗೆ ಸದಸ್ಯತ್ವ ಕೊಡುತ್ತಿವೆ, ಮಹಿಳೆಯರದ್ದೇ ಆದ ಇನ್ನರ್ ವೀಲ್ ಕೂಡ ಇದೆ. ಒಂದು ಕೊರತೆ ಗೊತ್ತಿರಲಿ. ಪ್ರತಿ ಜುಲೈ 1ಕ್ಕೆ ಅಧ್ಯಕ್ಷರಿಂದ ಹಿಡಿದು ಎಲ್ಲರೂ ಬದಲಾಗ್ತಾರೆ. ಹಿಂದಿನವರು ನೆಟ್ಟ ಗಿಡಕ್ಕೆ ಹೊಸಬರು ನೀರು ಹಾಕದೆ ಇನ್ನೊಂದು ಕಡೆ ಹೊಸ ಗಿಡ ನೆಡುವುದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಯಾವ ಕ್ಲಬ್ ನೋಡಲು ಹೋದರೂ ಈ ವರ್ಷ ಏನು ಮಾಡ್ತೀರಿ ಅಂತ ಕೇಳಬೇಡಿ. ಮೂರು ವರ್ಷದ ಹಿಂದೆ ಮಾಡಿದ್ದು ಈಗ ಹೇಗಿದೆ, ತೋರಿಸ್ತೀರಾ ಅಂತ ಕೇಳಿ. ಕರೆದುಕೊಂಡು ಹೋಗಿ ತೋರಿಸಿದರೆ ಅಂಥ ಕಡೆ ಸೇರಿ.

ಅಲ್ಲಿಯವರೆಗೆ ಸದಸ್ಯತ್ವ ಇಲ್ಲದೆಯೂ ಶಿಬಿರಕ್ಕೆ ಬರಬಹುದು. ಸೆಪ್ಟೆಂಬರ್ ಕೊನೆಯ ಭಾನುವಾರ ಬೆಳಗ್ಗೆ ಏಳೂವರೆಗೆ ಆಜಾದ್ ಪಾರ್ಕ್ ಹತ್ತಿರದಿಂದ ನಮ್ಮ ವ್ಯಾನ್ ಹೊರಡುತ್ತೆ. ಕೊಡೆ ತನ್ನಿ, ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ ಅಂದಿರಿ, ಹಾಗಿದ್ದರೆ ಹೆಸರು, ಊರು, ತೋಟ, ರೈಟರ್ ನಂಬರ್ ಬರೆದುಕೊಳ್ಳುವ ಟೇಬಲ್ ನಿಮಗೇ ಕೊಡ್ತೀವಿ. ವಯಸ್ಸಾದವರು ಹೆಸರನ್ನು ಮೆಲ್ಲಗೆ ಹೇಳ್ತಾರೆ, ಎರಡು ಸಲ ಕೇಳಿ ಬರೆದುಕೊಳ್ಳಿ. ಮೊದಲನೇ ದಿನವೇ ಇಬ್ಬರು ರೋಗಿಗಳ ಫೋನ್ ನಿಮ್ಮ ಪಾಲಿಗೆ ಬರುತ್ತೆ.