ಹದಿನೈದು ವರ್ಷದ ಮಗ ಜಾಕಿಯಾಗುತ್ತೇನೆ ಎನ್ನುತ್ತಿದ್ದಾನೆ, ಕಳುಹಿಸಬಹುದೇ?

ಹಾಸನದ ಪಕ್ಕದ ಹಳ್ಳಿಯವರಾದ ತಾವು, 42 ಕಿಲೋ ತೂಗುವ ಹದಿನೈದರ ಮಗ ರೇಸ್ ಕುದುರೆ ಓಡಿಸುತ್ತೇನೆಂದು ಹಟ ಹಿಡಿದಿದ್ದಾನೆ, ಅದರಲ್ಲಿ ಬದುಕು ಕಟ್ಟಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನು ಚನ್ನರಾಯಪಟ್ಟಣದ ಕಡೆಯವನು. ಬೆಂಗಳೂರಿನಲ್ಲಿ ಅಪ್ರೆಂಟಿಸ್ ಜಾಕಿಯಾಗಿ ಸೇರಿ, ಹತ್ತೊಂಬತ್ತರ ಹೊತ್ತಿಗೆ ಮೈ ಬೆಳೆದು ತೂಕ ಹಿಡಿತಕ್ಕೆ ಸಿಗದೆ ರೇಸು ಬಿಟ್ಟೆ. ಆಮೇಲೆ ಒಂಬತ್ತು ವರ್ಷ, ಬೆಳಗಿನ ಅಭ್ಯಾಸಕ್ಕೆ ಕುದುರೆ ಓಡಿಸುವ ರೈಡಿಂಗ್ ಬಾಯ್ ಆಗಿ ದುಡಿದೆ. ಆದ್ದರಿಂದ ತೂಕದ ಮಾತನ್ನೇ ಮೊದಲು ಹೇಳುತ್ತೇನೆ.

ಹ್ಯಾಂಡಿಕ್ಯಾಪ್ ರೇಸಿನಲ್ಲಿ ಗೆದ್ದು ಬಂದ ಕುದುರೆಗೆ ಹೆಚ್ಚು, ಹಿಂದುಳಿದದ್ದಕ್ಕೆ ಕಡಿಮೆ ಭಾರ ಹೊರಿಸುತ್ತಾರೆ. ಅತಿ ಕಡಿಮೆ ಭಾರ ಸುಮಾರು 50 ಕಿಲೋ, ಜಾಕಿಯ ಜೊತೆಗೆ ಜೀನಿನ ತೂಕವೂ ಅದರಲ್ಲೇ ಸೇರಿರುತ್ತದೆ. ಜಾಕಿ ಹಗುರವಾಗಿದ್ದರೆ ಸೀಸದ ತುಂಡುಗಳನ್ನಿಟ್ಟು ಸರಿದೂಗಿಸಬಹುದು, ಭಾರವಾಗಿದ್ದರೆ ಸವಾರಿ ಇನ್ನೊಬ್ಬನ ಪಾಲಾಗುತ್ತದೆ. ಸಂಕ್ರಾಂತಿಗೆ ಊರಿಗೆ ಬಂದು, ಅವ್ವ ಮಾಡಿದ ಅವರೆಕಾಳು ಸಾರನ್ನು ಎರಡು ಚಮಚ ಕುಡಿದು ಎಲೆ ಬಿಟ್ಟೆದ್ದದ್ದು ಇಂದಿಗೂ ನನ್ನನ್ನು ಕಾಡುತ್ತದೆ. ಇಂಗ್ಲೆಂಡಿನ ಜಾಕಿ ಲೆಸ್ಟರ್ ಪಿಗಟ್ 5 ಅಡಿ 8 ಅಂಗುಲವಿದ್ದೂ ಅಲ್ಲಿನ ಹೆಸರಾಂತ ರೇಸಾದ ಡರ್ಬಿಯನ್ನು ಒಂಬತ್ತು ಬಾರಿ ಗೆದ್ದರು ಎಂದು ಯಾರಾದರೂ ಧೈರ್ಯ ತುಂಬಬಹುದು. ಆದರೆ ಅವರು ದಶಕಗಳ ಕಾಲ ಅರೆಹೊಟ್ಟೆಯಲ್ಲೇ ಇದ್ದರೆಂಬುದನ್ನು ಮರೆಯಬಾರದು. ಇಂದಿನ 42 ಕಿಲೋ ನೋಡಿ ತೀರ್ಮಾನಿಸಬೇಡಿ. ತಮ್ಮ ಎತ್ತರ, ಹುಡುಗನ ಸೋದರಮಾವಂದಿರ ಎತ್ತರ ನೋಡಿ. ಹಾಸನದಲ್ಲೇ ಮಕ್ಕಳ ವೈದ್ಯರ ಬಳಿ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರೆ, ಮೂಳೆ ಇನ್ನೆಷ್ಟು ಬೆಳೆಯಬಹುದೆಂಬ ಅಂದಾಜು ಸಿಗುತ್ತದೆ. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಇನ್ನು ಸಂಪಾದನೆ. ಜಾಕಿಗೆ ಪ್ರತಿ ಸವಾರಿಗೆ ಶುಲ್ಕ, ಗೆದ್ದರೆ ಬಹುಮಾನದಲ್ಲಿ ಪಾಲು. ಕುದುರೆಗಳನ್ನು ರೇಸಿಗೆ ಸಜ್ಜುಗೊಳಿಸುವ ಟ್ರೇನರ್ ಕರೆಯದಿದ್ದರೆ ಏನೂ ಇಲ್ಲ. ಅಪ್ರೆಂಟಿಸ್ ಹುಡುಗರಿಗೆ ಕುದುರೆಯ ಭಾರದಲ್ಲಿ ಕೆಲವು ಕಿಲೋ ರಿಯಾಯಿತಿ ಇರುವುದರಿಂದ ಆರಂಭದಲ್ಲಿ ಕರೆಗಳು ಬರುತ್ತವೆ. ಆದರೆ ಗೆಲುವು ಹೆಚ್ಚಿದಂತೆ ಆ ರಿಯಾಯಿತಿ ಕರಗಿ, ಕೊನೆಗೆ ಅನುಭವಿ ಜಾಕಿಗಳ ಎದುರು ಸರಿಸಮನಾಗಿ ನಿಲ್ಲಬೇಕಾಗುತ್ತದೆ. ನನ್ನ ಜೊತೆಗಿದ್ದ ಹುಡುಗರಲ್ಲಿ ಹೆಚ್ಚಿನವರು ಎಡವಿದ್ದು ಅಲ್ಲಿಯೇ. ಮಳೆಗಾಲಕ್ಕೆ ಪುಣೆ, ಚಳಿಗಾಲಕ್ಕೆ ಮುಂಬೈ ಎಂದು ಅಲೆಯುವುದೂ ಇದೆ. ಪೆಸಿ ಶ್ರಾಫ್ ಅವರಂತೆ ಅಗ್ರ ಜಾಕಿಯಾಗಿ ಮೆರೆದು, 2004ರಲ್ಲಿ ನಿವೃತ್ತರಾದ ಮೇಲೆ ಟ್ರೇನರ್ ಆಗಿಯೂ ಯಶಸ್ಸು ಕಂಡವರು ವಿರಳ.

ಅರ್ಧ ಟನ್ ತೂಗುವ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವಾಗ ಮುಂದಿನ ಕುದುರೆಯ ಗೊರಸಿಗೆ ಕಾಲು ತಗುಲಿದರೆ ಏನಾಗುತ್ತದೆಂಬುದನ್ನು ಮಗನಿಗೆ ಮುಚ್ಚಿಡಬೇಡಿ. ಪ್ರತಿ ಓಟದ ಹಿಂದೆಯೇ ಆಂಬುಲೆನ್ಸ್ ಹೋಗುತ್ತದೆ. ನನ್ನ ಕೊರಳೆಲುಬು (ಕಾಲರ್ ಬೋನ್) ಎರಡು ಸಲ ಮುರಿಯಿತು, ಎರಡೂ ಸಲ ಬೆಳಗಿನ ಅಭ್ಯಾಸದಲ್ಲಿ.

ಜೂಜಿನ ಕುರಿತು ತಮಗಿರುವ ಅಳುಕು ಸಹಜವೇ. ಆದರೆ ಜಾಕಿಗೆ ಬಾಜಿ ಕಟ್ಟುವುದು ನಿಷಿದ್ಧ.

ಇಷ್ಟರ ಮೇಲೂ, ನಸುಕಿನ ಮಂಜಿನಲ್ಲಿ ಥರೋಬ್ರೆಡ್ ತಳಿಯ ರೇಸ್ ಕುದುರೆಯೊಂದು ನನ್ನ ಕೈಯ ಲಗಾಮಿನ ಸಣ್ಣ ಸಡಿಲಿಕೆಗೆ ಕಿವಿ ನಿಮಿರಿಸಿ ಮುನ್ನುಗ್ಗುತ್ತಿದ್ದ ಆ ಗಳಿಗೆಗೆ ಸಮನಾದದ್ದು ಇಲ್ಲಿಗೆ ಮರಳಿ ಶುಂಠಿ ಬೆಳೆಯುವಾಗ ನನಗೆ ಸಿಕ್ಕಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ತಡೆಯಿರಿ, ಎಕ್ಸ್‌ರೇ ತೆಗೆಸಿ. ಅನಂತರ ರಜೆಯಲ್ಲಿ ಒಂದು ತಿಂಗಳು ಯಾವುದಾದರೂ ಸವಾರಿ ಶಾಲೆಯಲ್ಲಿ ಲದ್ದಿ ಎತ್ತುವ, ಮೈ ಉಜ್ಜುವ ಕೆಲಸಕ್ಕೇ ಬಿಡಿ. ಆಗಲೂ ಅವನು ಬೆಳಗಿನ ನಾಲ್ಕಕ್ಕೆ ತಾನಾಗಿಯೇ ಏಳುತ್ತಿದ್ದರೆ ನನಗೆ ತಿಳಿಸಿ. ಬೆಂಗಳೂರಿನ ಅಪ್ರೆಂಟಿಸ್ ಶಾಲೆಗೆ ಅವನನ್ನು ನಾನೇ ಕರೆದುಕೊಂಡು ಹೋಗುತ್ತೇನೆ.