ಕಾಡಿನ ಅಣಬೆ ಗುರುತಿಸಲು ಹೊಸಬರು ಎಲ್ಲಿಂದ ಶುರು ಮಾಡಬೇಕು?

ಟೋಪಿಯ ಬಣ್ಣದಿಂದಲ್ಲ, ಬೀಜಕಣದ ಬಣ್ಣದಿಂದ. ಬೀಜಕಣ ಅಂದರೆ ಟೋಪಿಯಡಿಯ ಪದರಗಳಿಂದ ಉದುರುವ ನುಣ್ಣನೆ ಪುಡಿ. ಟೋಪಿ ಮಳೆಗೆ, ಬಿಸಿಲಿಗೆ ಮಾಸುತ್ತದೆ. ಪುಡಿಯ ಬಣ್ಣ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಬಲಿತ ಟೋಪಿಯನ್ನು ಬಿಳಿ ಕಾಗದದ ಮೇಲೆ ಪದರ ಕೆಳಗಾಗಿ ಇಟ್ಟು, ಲೋಟ ಮುಚ್ಚಿ. ಬೆಳಿಗ್ಗೆ ಎತ್ತಿದರೆ ಚಕ್ರದ ಅರೆಗಳಂಥ ಗೆರೆಗಳು ಮೂಡಿರುತ್ತವೆ. ಎಷ್ಟು ಚೆಂದ ಗೊತ್ತಾ! ಹುತ್ತದ ಅಣಬೆಯದು ತಿಳಿಗುಲಾಬಿ. ಹುಲ್ಲುಹಾಸಿನಲ್ಲಿ ಏಳುವ ಬಿಳಿ ಕ್ಲೋರೋಫಿಲ್ಲಂ ಮಾಲಿಬ್ಡೈಟೀಸ್‌ನದು ಹಸಿರು. ಅದನ್ನು ತಿಂದರೆ ಜೋರು ವಾಂತಿ, ಭೇದಿ. ಎಳೆಯದಿದ್ದಾಗ ಅದರ ಪದರವೂ ಬೆಳ್ಳಗೇ ಇರುತ್ತದೆ, ಜನ ಮೋಸ ಹೋಗುವುದು ಅಲ್ಲೇ.

ಪುಡಿಯ ಬಣ್ಣ ಗುಂಪನ್ನು ಹೇಳುತ್ತದೆ, ತಿನ್ನಬಹುದೇ ಅನ್ನುವುದನ್ನಲ್ಲ. ಹಾಗಾಗಿ ಬಲ್ಲವರು ಕೈಯಲ್ಲಿ ಹಿಡಿದು ನೋಡದೆ ಯಾವುದನ್ನೂ ಸುಮ್ನೆ ಬಾಯಿಗೆ ಹಾಕಬೇಡಿ.