ಅಜ್ಜಿಯ ಬಾಯಲ್ಲಿ ಡಾಲ್ಡಾ ಇರಲಿ

ಪ್ರೀತಿಯ ಲೇಖಕಿಗೆ ನಮಸ್ಕಾರ.

ಡೊಂಬಿವಲಿಯಿಂದ ನೀವು ಕಳಿಸಿದ ‘ಮನೆಮಾತಾದ ಬ್ರ್ಯಾಂಡುಗಳು’ ಪ್ರಬಂಧ ತಲುಪಿತು. ವಿಷಯ ಚೆನ್ನಾಗಿದೆ. ಕಾಗುಣಿತದ ತಪ್ಪುಗಳಿಲ್ಲ. ಮುಂಬಯಿ ಪರೇಲಿನ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಇದ್ದ ಅಜ್ಜಿ ಬರುವ ಮೂರನೇ ಪುಟಕ್ಕೆ ಬಂದಾಗ ನೆಟ್ಟಗೆ ಕೂತು ಓದಿದೆ. ಆ ಪುಟ ಮುಗಿಯುವಷ್ಟರಲ್ಲಿ ಕೋಪ ಬಂತು. ಅದಕ್ಕೇ ಈ ಕಾಗದ ಉದ್ದವಾಗಿದೆ.

ನಿಮ್ಮ ಸಾಲು ಇದು: “ಮಗಳೇ, ಆ ವನಸ್ಪತಿಯ ಡಬ್ಬಿಯನ್ನು ತೆಗೆದುಕೊಂಡು ಬಾ ಎಂದು ಅಜ್ಜಿ ನುಡಿದರು.”

ಯಾವ ಅಜ್ಜಿ ಹೀಗೆ ಮಾತಾಡುತ್ತಾರೆ? ನಿಮ್ಮ ಅಜ್ಜಿ ಕುಂದಾಪುರದ ಕಡೆಯವರು ಅಂತ ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ. ಅವರು “ಆ ಡಾಲ್ಡಾ ಡಬ್ಬಿ ತಕಂಡ್ ಬಾ ಮಗಾ” ಅಂದಿರುತ್ತಾರೆ. ವನಸ್ಪತಿ ಅಂದರೆ ನಮಗೆ ಗಿಡಮರ. ಅದನ್ನು ಬಾಣಲೆಗೆ ಹಾಕಿ ಪೂರಿ ಕರಿಯುತ್ತೇವೆ ಅಂತ ಯಾರಿಗೂ ಅನ್ನಿಸಲಿಲ್ಲ. ಹಾಗಾಗಿ 1937ರಲ್ಲಿ ಲಿವರ್ ಕಂಪನಿ ಮಾರುಕಟ್ಟೆಗೆ ಬಿಟ್ಟ ಹೆಸರೇ ಆ ತುಪ್ಪದಂಥ ಎಣ್ಣೆಗೆ ಗಟ್ಟಿಯಾಗಿ ಅಂಟಿಕೊಂಡಿತು. ‘ಡಾಡಾ’ ಅನ್ನುವ ಡಚ್ ಕಂಪನಿಯ ಹೆಸರಿನ ನಡುವೆ ಲಿವರ್‌ನ ‘ಲ್’ ಸೇರಿ ಡಾಲ್ಡಾ ಆಯಿತು ಎಂದು ಒಂದನೇ ಪುಟದಲ್ಲಿ ಚೆನ್ನಾಗಿ ವಿವರಿಸಿದ್ದೀರಿ. ಆ ಮಾತು ನಿಜವಾಗಿ ಬದುಕಿದ್ದ ಜಾಗ ನಿಮ್ಮ ಅಜ್ಜಿಯ ಬಾಯಿ. ಅಲ್ಲಿಂದಲೇ ಅದನ್ನು ಒರೆಸಿ ಹಾಕಿದ್ದೀರಿ.

ಮುಂದಿನ ಸಾಲು: “ತಂದೆಯವರು ಪಡಿತರ ಚೀಟಿಯ ನೆರಳಚ್ಚು ಪ್ರತಿ ಮಾಡಿಸಲು ಹೊರಟರು.”

ಜೆರಾಕ್ಸ್ ವಿಧಾನ ಕಂಡುಹಿಡಿದ ಕಾರ್ಲ್‌ಸನ್ 1938ರಲ್ಲಿ ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಮೊದಲ ಪ್ರತಿ ತೆಗೆದದ್ದು, 914 ಅನ್ನುವ ಜೆರಾಕ್ಸ್ ಯಂತ್ರ 1959ರಲ್ಲಿ ಬಂದದ್ದು, ‘ಒಣ’ ಅನ್ನುವ ಗ್ರೀಕ್ ಮಾತಿನಿಂದ ಆ ಹೆಸರು ಹುಟ್ಟಿದ್ದು, ನೀವು ಬರೆದದ್ದೆಲ್ಲ ಸರಿಯಾಗಿದೆ. ಇಷ್ಟೆಲ್ಲ ಹೇಳಿದ ಮೇಲೆ ಅಪ್ಪನ ಕೈಗೆ ‘ನೆರಳಚ್ಚು’ ಕೊಟ್ಟರೆ ಹೇಗೆ? ಅವರು ರೇಷನ್ ಕಾರ್ಡ್ ಜೆರಾಕ್ಸ್ ಮಾಡಿಸೋಕೆ ಹೋದರು, ಅಲ್ವಾ? ಕನ್ನಡ ಆ ಹೆಸರಿಗೆ ಏನು ಮಾಡಿದೆ ನೋಡಿ. ಕೊನೆಗೊಂದು ಉಕಾರ ಹಚ್ಚಿ ಜೆರಾಕ್ಸು ಮಾಡಿತು. ವಿಭಕ್ತಿ ಸೇರಿಸಿ ‘ಜೆರಾಕ್ಸಿಗೆ ಕೊಟ್ಟಿದ್ದೇನೆ’ ಅಂದಿತು. ಅಂಗಡಿಯ ಯಂತ್ರ ಯಾವ ಕಂಪನಿಯದು ಅಂತ ಯಾರೂ ಕೇಳುವುದಿಲ್ಲ. ನೀವು ಬರೆಯಬೇಕಿದ್ದ ವಿಷಯವೇ ಇದು.

ಮೂರನೆಯದು: “ಉಕ್ಕಿನ ಕಪಾಟಿನಲ್ಲಿ ಅಜ್ಜಿಯ ಸೀರೆಗಳಿದ್ದವು.” ಚಾಳಿನ ಮನೆಯಲ್ಲಿ ಅದು ಗೋದ್ರೆಜ್. ಕುರ್ಲಾದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದರೂ ಅದು ಗೋದ್ರೆಜ್. ನಿಮ್ಮ ಲೋಕಲ್ ದಿನಾ ಗೋದ್ರೆಜ್ ಕಂಪನಿ ಇರುವ ವಿಕ್ರೋಳಿ ದಾಟಿಕೊಂಡೇ ಬರುತ್ತದೆ. 1897ರಲ್ಲಿ ಬೀಗ ಮಾಡಲು ಹೊರಟ ಒಬ್ಬರ ಮನೆತನದ ಹೆಸರು ನಿಮ್ಮ ಅಜ್ಜಿಯ ಸೀರೆಯ ಮಡಿಕೆಯವರೆಗೂ ಬಂದದ್ದು ಹೇಗೆ? ಅದನ್ನು ನೀವಲ್ಲದೆ ಇನ್ಯಾರು ಹೇಳಬೇಕು?

ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ. ಊರು ಬಿಟ್ಟು ಮುಂಬಯಿಗೆ ಬಂದಾಗ ಹಗಲು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಆಮೇಲೆ ಒಂದು ಮಾಸಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಅಲ್ಲೇ ನನ್ನ ಮೊದಲ ಕಥೆಯನ್ನು ಸಂಪಾದಕರ ಮೇಜಿನ ಮೇಲೆ ಇಟ್ಟೆ. ಆರು ಜನ ಒಂದೇ ಖೋಲಿಯಲ್ಲಿರುವ ಕಥೆ. “ಅವನು ಒಲೆಯನ್ನು ಪ್ರಜ್ವಲಿಸಿದನು” ಅಂತ ಶುರುವಾಗುತ್ತಿತ್ತು.

ಅವರು ಕೆಂಪು ಪೆನ್ಸಿಲ್ ಅಲ್ಲೇ ನಿಲ್ಲಿಸಿದರು. “ನಿಮ್ಮ ಖೋಲಿಯಲ್ಲಿ ಅದಕ್ಕೆ ಏನಂತೀರಿ?”

“ಪ್ರೈಮಸ್.”

“ಮತ್ತೆ? ಹಾಗೇ ಬರಿ.”

ಪ್ರೈಮಸ್ ಅಂತ ಬರೆದ ಕೂಡಲೇ ಉಳಿದದ್ದೆಲ್ಲ ತಾನಾಗಿ ಬಂತು. ಹಿತ್ತಾಳೆಯ ಹೊಟ್ಟೆ, ಮೇಲಿನ ಬಟ್ಟಲಿಗೆ ಸುರಿಯುವ ಒಂದು ಚಮಚ ಸ್ಪಿರಿಟ್, ಪಂಪ್ ಹೊಡೆದು ಹೊಡೆದು ನೋಯುವ ಹೆಬ್ಬೆರಳು, ತೂತು ಕಟ್ಟಿದಾಗ ಚುಚ್ಚುವ ತಗಡಿನ ಪಿನ್ನು, ನೀಲಿ ಉರಿ ಹತ್ತಿದಾಗಿನ ಭರ್ರೋ ಸದ್ದು. ‘ಒಲೆ’ ಅಂತ ಬರೆದಾಗ ಇವು ಯಾವುವೂ ಬಂದಿರಲಿಲ್ಲ. ಅದು ಸ್ವೀಡನ್ನಿನ ಕಂಪನಿಯ ಹೆಸರು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಆ ಪ್ರೈಮಸ್ಸಿಗೆ ಹಾಕುತ್ತಿದ್ದ ಎಣ್ಣೆಯ ಕಥೆ ಬೇರೆ. ಕೆರೋಸಿನ್ ಕೂಡ 1854ರಲ್ಲಿ ಗೆಸ್ನರ್ ತನ್ನದು ಅಂತ ನೋಂದಾಯಿಸಿದ ವ್ಯಾಪಾರದ ಹೆಸರೇ. ಆದರೆ ನಾವು ಅದನ್ನು ಸೀಮೆಎಣ್ಣೆ ಅಂದೆವು. ಇಲ್ಲಿನ ಮರಾಠಿಯವರು ‘ಗ್ಯಾಸ್‌ಲೈಟ್’ನಿಂದ ಘಾಸ್ಲೇಟ್ ಮಾಡಿಕೊಂಡರು. ಸೀಮೆಎಣ್ಣೆ ನಿಂತಿತು, ವನಸ್ಪತಿ ನಿಲ್ಲಲಿಲ್ಲ. ಯಾಕೆ? ನಿಮ್ಮ ಪ್ರಬಂಧ ಈ ಪ್ರಶ್ನೆಯ ಹತ್ತಿರ ಬಂದು ವಾಪಸ್ ಹೋಗಿದೆ. ದಯವಿಟ್ಟು ಅಲ್ಲಿ ನಿಲ್ಲಿ.

ಇನ್ನೊಂದೇ ಮಾತು. ಕೊನೆಯ ಪುಟದಲ್ಲಿ “ತನ್ನ ಹೆಸರು ಎಲ್ಲರ ಮಾತಾಗುವುದಕ್ಕಿಂತ ದೊಡ್ಡ ಗೆಲುವು ಕಂಪನಿಗೆ ಬೇರೊಂದಿಲ್ಲ” ಅಂದಿದ್ದೀರಿ. ಇದು ತಪ್ಪು. ಕಂಪನಿಗಳು ಹೆದರುವುದೇ ಇದಕ್ಕೆ. ಹೆಸರು ಎಲ್ಲರ ಮಾತಾದರೆ ಅದರ ಮೇಲಿನ ಹಕ್ಕೇ ಕೈತಪ್ಪಬಹುದು. ಬೇಯರ್ 1899ರಲ್ಲಿ ತಂದ ಆಸ್ಪಿರಿನ್ ಅಮೆರಿಕದಲ್ಲಿ ಎಷ್ಟು ಬಳಕೆಯಾಯಿತೆಂದರೆ, ಜನರಿಗೆ ಅದು ಗುಳಿಗೆಯ ಹೆಸರೇ ಹೊರತು ಒಂದು ಕಂಪನಿಯ ಗುರುತಲ್ಲ ಎಂದು 1921ರಲ್ಲಿ ಕೋರ್ಟು ಹೇಳಿತು. ಠಾಣೆ ಸ್ಟೇಷನ್ನಿನಲ್ಲಿ ನೀವು ಹತ್ತುವ ಎಸ್ಕಲೇಟರ್ ಒಂದು ಕಾಲಕ್ಕೆ ಓಟಿಸ್ ಕಂಪನಿಯ ಸ್ವಂತ ಹೆಸರು. ಅಮೆರಿಕದಲ್ಲಿ 1950ರಲ್ಲಿ ಅದು ಕೈತಪ್ಪಿತು. ಆಸ್ಪತ್ರೆಗೆ ಗಂಜಿ ಒಯ್ಯುವ ಥರ್ಮೋಸ್ ಅಲ್ಲೇ 1963ರಲ್ಲಿ ಎಲ್ಲರದಾಯಿತು. ನಮ್ಮ ಹೆಸರನ್ನು ಕ್ರಿಯಾಪದದ ಹಾಗೆ ಬಳಸಬೇಡಿ ಅಂತ ಜೆರಾಕ್ಸ್ ಕಂಪನಿ ದುಡ್ಡು ಕೊಟ್ಟು ಜಾಹೀರಾತು ಹಾಕಿದೆ. ಆ ಸಾಲು ತೆಗೆಯಿರಿ. ಅದನ್ನು ಆಧರಿಸಿ ಬರೆದ ಕೊನೆಯ ಎರಡು ಪ್ಯಾರಾ ಕೂಡ ಹೋಗಬೇಕು.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೂರನೇ ಪುಟವನ್ನು ಮತ್ತೆ ಬರೆದು ಕಳಿಸಿ, ಅಜ್ಜಿ ಆಡಿದ ಹಾಗೇ. ಖಾಲಿಯಾದ ಆ ಹಳದಿ ಡಬ್ಬಿಗೆ ಮಣ್ಣು ತುಂಬಿ ಗ್ಯಾಲರಿಯ ಕಟಕಟೆಗೆ ತಂತಿಯಿಂದ ಕಟ್ಟಿದ್ದರು ಅಂತ ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಅದರಲ್ಲಿ ಏನು ನೆಟ್ಟಿದ್ದರು? ತುಳಸಿಯಾ, ಕಾಕಡ ಮಲ್ಲಿಗೆಯಾ? ಡಬ್ಬಿ ತುಕ್ಕು ಹಿಡಿದ ಮೇಲೂ ಅದರ ಮೇಲಿನ ಹಸಿರು ತಾಳೆಮರ ಕಾಣುತ್ತಿತ್ತಾ? ಅದನ್ನೂ ಬರೆಯಿರಿ.